ಮೂವತ್ತನೆಯ ಬಾಗಿಲು

ಕೋಕಂದ್, ನವೆಂಬರ್ 5, 2017

ತಮ್ಮ ತೋಖ್ತಸಿನ್‌ಗೆ, ಟೋಪಿಗಾರರ ಬೀದಿಯಿಂದ ಇನೋಬತ್ ಅಕ್ಕನ ಸಲಾಂ.

ಫೋನ್ ಇರುವಾಗ ಕಾಗದವೇಕೆ ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ಆಡಿದ ಮಾತಿಗೆ ಮರುದಿನ ‘ನಾನೆಲ್ಲಿ ಹಾಗಂದೆ?’ ಎಂದು ನೀನು ಕೇಳಿದ್ದು ಈವರೆಗೆ ಮೂರು ಸಲ. ಕಾಗದ ಹಾಗೆ ಜಾರಿಕೊಳ್ಳುವುದಿಲ್ಲ.

ಲೆಕ್ಕ ಹೇಳುತ್ತೇನೆ, ಕೇಳು. ನಮ್ಮ ಬೀದಿಗೆ ನಲವತ್ತೆರಡು ಬಾಗಿಲು. ಊರಾಚೆ ಗಾಜಿನ ಮಾಲ್ ಎದ್ದು, ಟ್ಯಾಕ್ಸಿಗಳೂ ಅದರ ಬೆನ್ನಿಗೆ ಬಿದ್ದು ಹೋದ ಮೇಲೆ ತೆರೆದಿರುವುದು ಒಂಬತ್ತೇ. ಅದರಲ್ಲಿ ಒಂದು ನನ್ನ ಟೋಪಿಯಂಗಡಿ, ಇನ್ನೊಂದು ಹೆಣಕ್ಕೆ ಹೊದಿಸುವ ಕಫನದ ಬಟ್ಟೆ ಮಾರುವವನದು. ಗಿರಾಕಿ ತಪ್ಪದಿರುವುದು ಅವನೊಬ್ಬನಿಗೆ. ಬಲಜೇಬಿನಲ್ಲಿ ಅಲಸಂದೆ ಕಾಳು ಇಟ್ಟುಕೊಂಡು ಕೂರುತ್ತೇನೆ. ನಿನ್ನ ಅಂಗಡಿ ಎದುರಿನ ಹಿಪ್ಪುನೇರಳೆ ಮರವನ್ನು ಒಬ್ಬರು ದಾಟಿ ಒಳಬಂದರೆ ಒಂದು ಕಾಳು ಎಡಜೇಬಿಗೆ. ಕಳೆದ ಶುಕ್ರವಾರ ಅರವತ್ತೊಂದು. ಅದರಲ್ಲೂ ನಾಲ್ಕು ಕಾಳು ಒಬ್ಬನೇ ಆಸಾಮಿಯದು, ದಾರಿ ತಪ್ಪಿ ಸುತ್ತುತ್ತಿದ್ದ.

ಮೊನ್ನೆ ಮಳಿಗೆಗಳ ಯಜಮಾನರೆಲ್ಲ ಸೇರಿದರು. ಒಬ್ಬ ಬಿಲ್ಡರ್ ಇಡೀ ಸಾಲನ್ನು ಕೊಳ್ಳುತ್ತಾನಂತೆ, ಕೆಡವಿ ಫ್ಲ್ಯಾಟು ಎಬ್ಬಿಸುತ್ತಾನಂತೆ. ಕೈಗಳು ಆಗಲೇ ಮೇಲೇಳುತ್ತಿದ್ದವು. ನಾನು ಎದ್ದು ನಿಂತು, “ಮಾರ್ಚಿನ ನವರೂಜ್ ಹಬ್ಬದ ತನಕ ಟೈಮ್ ಕೊಡ್ರಪ್ಪಾ. ಅಷ್ಟರಲ್ಲಿ ಮೂವತ್ತು ಬಾಗಿಲು ತೆಗೆಸ್ತೀನಿ. ಆಗ್ಲಿಲ್ಲ ಅಂದ್ರೆ ಮೊದಲು ಸಹಿ ಹಾಕೋಳು ನಾನೇ,” ಅಂದುಬಿಟ್ಟೆ. ಸೂರ್ಯಕಾಂತಿ ಬೀಜದ ಬುಟ್ಟಿ ಹಿಡಿದು ಈ ಬೀದಿಗೆ ಬಂದವಳು ನಾನು. ಇದು ಹೋದರೆ ನನಗೆ ಉಳಿಯುವುದು ಆ ಬುಟ್ಟಿಯೇ. ಮುಪ್ಪಿನ ಅಬ್ದುಗಫೂರ್ ಅಜ್ಜ ಗಡ್ಡ ಸವರಿಕೊಂಡು ‘ಆಗಲಿ’ ಎಂದರು. ಅಜ್ಜನ ಮಾತನ್ನು ಮೀರುವವರು ಇಲ್ಲಿ ಇನ್ನೂ ಹುಟ್ಟಿಲ್ಲವಷ್ಟೆ.

ಬೀದಿಯ ಬಾಯಿಯಲ್ಲೇ ನಿನ್ನ ಅಂಗಡಿ, ಅದರಲ್ಲಿ ತಣ್ಣಗೆ ಮಲಗಿದ ತಂದೂರು. ರೊಟ್ಟಿಯ ವಾಸನೆಯಿಲ್ಲದ ಬೀದಿಗೆ ಯಾರು ಕಾಲಿಡುತ್ತಾರೆ? ನೀನು ಪರದೇಶಕ್ಕೆ ದುಡಿಯಲು ಹೊರಟ ಬೆಳಿಗ್ಗೆ ಕಡೆಯ ರೊಟ್ಟಿಯನ್ನು ಹಿಡಿದು ‘ಕಚ್ಚು’ ಎಂದವಳು ನಾನು, ಉಳಿದುದನ್ನು ನಿನ್ನ ಗೋಡೆಗೆ ತೂಗುಹಾಕಿದವಳೂ ನಾನು. ನಮ್ಮ ಹಿರಿಯರ ಪದ್ಧತಿಯಂತೆ, ನೀನು ತಿರುಗಿ ಬಂದು ಮುಗಿಸಲೆಂದು ಅದು ಕಾದಿದೆ; ಅದು ಗೋಡೆಯಲ್ಲಿರುವವರೆಗೆ ನೀನು ದಾರಿಯಲ್ಲಿದ್ದೀಯೆ ಎಂದೇ ಲೆಕ್ಕ. ಕಿಟಕಿಯ ಗಾಜಿನಿಂದ ದಿನಾ ಕಾಣುತ್ತದೆ. ಒಂದೂವರೆ ವರ್ಷವಾಯಿತು. ಬಾ. ಬರಲಾಗದಿದ್ದರೆ ಬೀಗದ ಕೈಯನ್ನಾದರೂ ಕಳಿಸು.

ಇನೋಬತ್


ಓರೆನ್‌ಬರ್ಗ್, ನವೆಂಬರ್ 24, 2017

ಇನೋಬತ್ ಅಕ್ಕನವರಿಗೆ ಸಲಾಂ.

ಕಾಗದ ತಲುಪಿತು. ನಾನು ಚೆನ್ನಾಗಿದ್ದೇನೆ. ಇಲ್ಲಿಯ ರೊಟ್ಟಿ ಕಾರ್ಖಾನೆಯಲ್ಲಿ ನನ್ನನ್ನು ದೊಡ್ಡ ಮೇಸ್ತ್ರಿ ಎನ್ನುತ್ತಾರೆ. ದಿನಕ್ಕೆ ಆರು ಸಾವಿರ ರೊಟ್ಟಿ. ನಾನು ಬೆರಳು ತೋರಿಸಿದರೆ ಸಾಕು, ಯಂತ್ರ ಬೇಯಿಸುತ್ತದೆ.

ನಿಮ್ಮ ಅಂಗಡಿಗೂ ನನ್ನದಕ್ಕೂ ನಡುವಿನ ಗೋಡೆ ಒಡೆಯಬೇಕೆಂಬ ಆಸೆ ನಿಮಗೆ ಹದಿನೈದು ವರ್ಷದಿಂದ ಇದೆ. ‘ತಮ್ಮಾ, ಈ ಗೋಡೆ ಇಬ್ಬರಿಗೂ ದಂಡ’ ಎಂದು ನೀವು ಅಂದದ್ದು ನನಗೆ ಮರೆತಿಲ್ಲ. ಬೀಗದ ಕೈ ಕೇಳುವಾಗ ಅದು ನೆನಪಾಯಿತು, ಅಷ್ಟೇ.

ಬರಲು ರಜೆ ಇಲ್ಲ. ಇಲ್ಲಿ ಹಿಮ ಬಿದ್ದಿದೆ.

ತೋಖ್ತಸಿನ್


ಕೋಕಂದ್, ಡಿಸೆಂಬರ್ 10, 2017

ತಮ್ಮಾ,

ಇದೇನು ಅಕ್ಷರವಯ್ಯಾ? ಹಿಟ್ಟಿನ ಮೇಲೆ ಕೋಳಿ ಓಡಾಡಿದ ಹಾಗಿದೆ. ದೊಡ್ಡ ಮೇಸ್ತ್ರಿಯಾದ ಮೇಲೆ ಪೆನ್ನನ್ನೂ ಯಂತ್ರವೇ ಹಿಡಿಯುತ್ತದೆಯೋ? ಕುಡಿತಕ್ಕೆ ಬಿದ್ದಿದ್ದರೆ ಈಗಲೇ ಹೇಳಿಬಿಡು, ಬೈದು ಮುಗಿಸುತ್ತೇನೆ.

ಗೋಡೆಯ ವಿಷಯ: ಹೌದು, ಆಸೆಯಿತ್ತು. ಈಗ ಇಲ್ಲ. ಸತ್ತ ಬೀದಿಯಲ್ಲಿ ದೊಡ್ಡ ಅಂಗಡಿ ಕಟ್ಟಿಕೊಂಡು ಕಫನದವನಿಗೆ ಎದುರಾಳಿಯಾಗಲೇ?

ಇಲ್ಲಿಯ ಸುದ್ದಿ ಕೇಳು. ಟ್ಯಾಕ್ಸಿಯವರ ಮುಖಂಡ ದಾದಾಜಾನ್ ಇದ್ದಾನಲ್ಲ, ಹೊಟ್ಟೆ ಮುಂದೆ, ತಾನು ಹಿಂದೆ ಬರುವವನು, ಅವನ ಬಳಿ ಹೋದೆ. ತಾಷ್ಕೆಂಟ್ ಗಾಡಿಗಳನ್ನು ನಮ್ಮ ಬೀದಿಯ ಬಾಯಿಗೆ ತಂದು ನಿಲ್ಲಿಸು ಎಂದೆ.

“ಅಮ್ಮಾ, ಗಾಡಿ ನಿಲ್ಸೋದು ಜನ ಇರೋ ಕಡೆ. ನಿಮ್ಮ ಬೀದೀಲಿ ಬೆಕ್ಕೂ ಇಲ್ವಲ್ಲ?”

“ಗಾಡಿ ಬಂದ್ರೆ ಜನ ಬರ್ತಾರೆ, ಜನ ಬಂದ್ರೆ ಬೆಕ್ಕೂ ಬರುತ್ತೆ.”

“ಗಾಡಿ ತುಂಬದೇ ಇದ್ರೆ?”

“ಖಾಲಿ ಸೀಟಲ್ಲಿ ನಾನೇ ಕೂರ್ತೀನಿ. ಪೂರ್ತಿ ಬಾಡಿಗೆ ಕೊಟ್ಟು.”

ಅವನು ನಕ್ಕ. ಮೊದಲ ವಾರ ಎರಡು ಸಲ ನಾನು ಕೆಲಸವಿಲ್ಲದೆ ತಾಷ್ಕೆಂಟಿಗೆ ಹೋಗಿ, ಕೆಲಸವಿಲ್ಲದೆ ಬಂದೆ. ಘಾಟಿಯಲ್ಲಿ ವಾಂತಿಯೂ ಆಯಿತು. ಮೂರನೆಯ ವಾರ ನನಗೆ ಸೀಟೇ ಸಿಗಲಿಲ್ಲ, ತಮ್ಮಾ! ಬೀದಿಯ ಬಾಯಲ್ಲಿ ‘ತಾಷ್ಕೆಂಟ್, ತಾಷ್ಕೆಂಟ್, ಒಂದೇ ಸೀಟು!’ ಎಂಬ ಕೂಗು ಬೆಳಗಿನಿಂದ. ನಿನ್ನೆ ನೂರ ಎಂಬತ್ತು ಕಾಳು.

ಯಜಮಾನರೂ ಮೆತ್ತಗಾಗಿದ್ದಾರೆ: ಖಾಲಿ ಮಳಿಗೆ ತೆರೆಯುವವರಿಗೆ ಒಂದು ವರ್ಷ ಬಾಡಿಗೆ ಬೇಡ ಎಂದರು. ಚಾಕು ಸಾಣೆಯವನು ಬಂದ, ಇಬ್ಬರು ಕಸೂತಿ ಹೆಂಗಸರು ಬಂದರು, ಗಡಿಯಾರ ರಿಪೇರಿಯವನು ಮಾಲಿನಿಂದ ಹಿಂದಿರುಗಿ ಬಂದ, ಮುಖ ಸಣ್ಣದು ಮಾಡಿಕೊಂಡು. ನಾನು ಬರೀ ನೋಡಿದೆ. ಇನ್ನೂ ಕೆಲವರು ಸೇರಿ ಹದಿನೇಳು ಬಾಗಿಲಾಯಿತು.

ಆದರೆ ಗಾಡಿ ಹತ್ತುವ ಪ್ರತಿಯೊಬ್ಬರೂ ಕೇಳುವುದು ಒಂದೇ: “ದಾರಿಗೆ ರೊಟ್ಟಿ ಎಲ್ಲಿ ಸಿಗುತ್ತೆ?” ಕೇಳಿ, ನಿನ್ನ ಕಿಟಕಿಗೆ ಹಣೆಯಿಟ್ಟು ನೋಡುತ್ತಾರೆ. ಹಿಂದಿನ ಕೇರಿಯ ಸಾನೋಬರ್ ಗೊತ್ತಲ್ಲ, ನಾಲ್ಕು ಮದುವೆಗಾಗುವಷ್ಟು ರೊಟ್ಟಿಯನ್ನು ಮನೆಯ ತಂದೂರಿನಲ್ಲಿ ಸುಡುವ ಗಟ್ಟಿಗಿತ್ತಿ. ನಿನ್ನ ತಂದೂರು ಹಚ್ಚು ಎಂದರೆ ಎರಡೂ ಕೈ ಎತ್ತಿದಳು: “ಗೋಡೆ ಮೇಲೆ ಅವರ ರೊಟ್ಟಿ ಕೂತಿದೆ ಅಕ್ಕಾ. ಯಜಮಾನ ದಾರೀಲಿರೋವಾಗ ಅವರ ಒಲೆಗೆ ನಾನು ಬೆಂಕಿ ಇಡ್ಲಾ? ಅವರೇ ಬಂದು ಎದುರಿಗೆ ನಿಂತು ‘ಹಚ್ಚು’ ಅನ್ಲಿ.”

ಸಂಬಳ ಹೆಚ್ಚಿಸಿಕೊಳ್ಳಲು ಆ ಕಾರ್ಖಾನೆಯವರ ಮುಂದೆ ಬಿಗಿದುಕೊಂಡಿದ್ದೀಯೆ ಎಂದು ನನ್ನ ಊಹೆ. ಬಿಗಿದುಕೋ. ಆದರೆ ನನ್ನ ಮುಂದೆ ಬೇಡ.

ಇನೋಬತ್


ಓರೆನ್‌ಬರ್ಗ್, ಜನವರಿ 8, 2018

ಅಕ್ಕಾ,

ಬೀಗದ ಕೈ ಇದರ ಜೊತೆ ಇಟ್ಟಿದ್ದೇನೆ. ಆ ರೊಟ್ಟಿಯನ್ನು ಇಳಿಸಿ, ಪುಡಿ ಮಾಡಿ ಹಕ್ಕಿಗಳಿಗೆ ಹಾಕಿ. ನಾನು ಬರುವುದಿಲ್ಲ. ಅಂಗಡಿಯನ್ನು ಸಾನೋಬರ್‌ಗೆ ಕೊಡಿ, ಬಿಲ್ಡರ್‌ಗೆ ಕೊಡಿ, ಗೋಡೆ ಒಡೆಯಿರಿ. ಮತ್ತೆ ಬರೆಯಬೇಡಿ.

ತೋಖ್ತಸಿನ್


ಕೋಕಂದ್, ಫೆಬ್ರವರಿ 26, 2018

ತಮ್ಮಾ,

ಜನವರಿ ಇಡೀ ನಿನ್ನ ಕಾಗದವೊಂದೂ ಬರಲಿಲ್ಲ. ದಾರಿಯಲ್ಲಿ ಹಿಮ ಹೆಚ್ಚಿತ್ತೆಂದು ಕಾಗದ ತರುವ ಬಸ್ಸಿನವರು ಹೇಳಿದರು. ಇರಲಿ.

ನಿನ್ನೆ ಭಾನುವಾರ ಈ ಬೀದಿಯಲ್ಲಿ ಏನಾಯಿತೆಂದು ಯಾರಿಗಾದರೂ ಬರೆಯದಿದ್ದರೆ ನನಗೆ ಉಸಿರು ಕಟ್ಟುತ್ತದೆ. ಅದಕ್ಕೆ ನಿನಗೆ.

ನವರೂಜ್‌ಗೆ ಮೊದಲು ಬೀದಿಯನ್ನು ತೊಳೆದು ಬಳಿಯಬೇಕೆಂದು ಹಶಾರ್ ಕರೆದೆವು. ಕೂಲಿ ಇಲ್ಲ, ಊಟ ಉಂಟು, ಸಲಿಕೆ ಅವರವರದು. ಸುಣ್ಣದ ಮಂಡಿಯವನು ಐದು ಗಾಡಿ ಸುಣ್ಣ ಸುಮ್ಮನೆ ಕೊಟ್ಟ, ಕಟ್ಟಿಗೆಯವನು ಕಿಟಕಿಗಳಿಗೆ ಪಾಪ್ಲರ್ ಹಲಗೆ ಕೊಟ್ಟ. ನನ್ನ ಅಂದಾಜು ಅರವತ್ತು ಜನ. ಎಂಬತ್ತು ಜನಕ್ಕೆ ಅಕ್ಕಿ ನೆನೆಸಿದೆ, ಹೆಚ್ಚಾದರೆ ಕಫನದವನು ತಿನ್ನುತ್ತಾನೆಂದು.

ಬೆಳಗಿನ ನಮಾಜು ಮುಗಿದ ಹೊತ್ತು. ಕಡಾಯಿಯ ಕೆಳಗೆ ಬೆಂಕಿ ಹಾಕುತ್ತಿದ್ದೆ. ಮೊದಲು ಕೇಳಿಸಿದ್ದು ಸದ್ದು, ಸಲಿಕೆಗಳು ಹೆಗಲ ಮೇಲೆ ತಾಗಾಡುವ ಸದ್ದು. ತಲೆಯೆತ್ತಿದೆ. ಹಿಪ್ಪುನೇರಳೆ ಮರದಿಂದ ಕಾಲುವೆಯ ಸೇತುವೆಯವರೆಗೆ ಜನ. ಮಂಜಿನಲ್ಲಿ ಅವರ ಉಸಿರು ಹೊಗೆಯಂತೆ ಏಳುತ್ತಿತ್ತು, ಒಂದು ಊರೇ ಉಸಿರಾಡುತ್ತ ನಡೆದು ಬಂದ ಹಾಗೆ. ಶಾಲೆಯ ಮೇಷ್ಟರು, ಹತ್ತಿಗಿರಣಿಯ ಹೆಂಗಸರು, ಮದುವೆಗೆ ಕಹಳೆ ಊದುವವರು ಕಹಳೆ ಸಮೇತ. ಮಾಲಿನೊಳಗೆ ಅಂಗಡಿ ಇಟ್ಟವರೂ ಬಂದಿದ್ದರು! ಅವರಲ್ಲೊಬ್ಬಳನ್ನು ಕೇಳಿದೆ, “ನೀನ್ಯಾಕಮ್ಮ ಇಲ್ಲಿ?” ಅವಳು ಅಂದಳು, “ನನ್ನ ಮದ್ವೆ ಟೋಪಿ-ಬಟ್ಟೆ ಎಲ್ಲ ಇದೇ ಬೀದೀಲಿ ತಗೊಂಡಿದ್ದು ಅಕ್ಕಾ. ನೀವೇ ಚೌಕಾಸಿಗೆ ಬಗ್ಗದೆ ಅಳಿಸಿದ್ರಿ.”

ಮುನ್ನೂರು ಕಾಳು ಇಟ್ಟುಕೊಂಡಿದ್ದೆ. ಎಂಟು ಗಂಟೆಗೆ ಮುಗಿದವು. ಒಣದ್ರಾಕ್ಷಿಯಿಂದ ಎಣಿಸತೊಡಗಿದೆ, ಗಾಬರಿಗೆ ಬಾಯಿ ಸುಮ್ಮನಿರಲಿಲ್ಲ, ತಿಂದುಬಿಟ್ಟೆ. ನಲವತ್ತು ವರ್ಷದ ವ್ಯಾಪಾರದಲ್ಲಿ ನನ್ನ ಲೆಕ್ಕ ತಪ್ಪಿದ್ದು ಅದೇ ಮೊದಲು. ತಪ್ಪಿತಲ್ಲ ಎಂದು ನಿಂತಲ್ಲೇ ಅತ್ತೆ. ಅಕ್ಕಿ ಸಾಲದೆಂದು ಹೇಳುವಷ್ಟರಲ್ಲಿ ಕೇರಿಕೇರಿಯಿಂದ ಕಡಾಯಿಗಳು ಉರುಳುತ್ತ ಬಂದವು. ಯಾರು ಹೇಳಿ ಕಳಿಸಿದರೋ ನನಗೆ ಈಗಲೂ ಗೊತ್ತಿಲ್ಲ.

ಸಂಜೆಯ ಹೊತ್ತಿಗೆ ಬೀದಿ ಈ ತುದಿಯಿಂದ ಆ ತುದಿಗೆ ಬೆಳ್ಳಗೆ. ನಿನ್ನ ಅಂಗಡಿಯ ಬೀಗ ತೆಗೆದು ಒಳಗೂ ಬಿಟ್ಟೆ. ಮಸಿ ಹಿಡಿದ ಗೋಡೆ ತಾನೆ, ಬಳಿಯಿರಿ ಎಂದು ಹೇಳಿ ಪಲಾವಿನ ಕಡೆ ಹೋದೆ. ತಿರುಗಿ ಬಂದು ನೋಡುತ್ತೇನೆ: ಸೂರಿನವರೆಗೆ, ಮೂಲೆಮೂಲೆಯೂ ಹಾಲಿನಂಥ ಬಿಳುಪು. ಆದರೆ ನಿನ್ನ ರೊಟ್ಟಿಯ ಸುತ್ತ ಒಂದು ಗೇಣು ಅಗಲದ ಚೌಕ, ಕಪ್ಪಗೆ, ಹೇಗಿತ್ತೋ ಹಾಗೆಯೇ. ಅಂಚುಗಳು ದಾರ ಹಿಡಿದು ಎಳೆದಷ್ಟು ನೇರ. ಅಲ್ಲಿ ಬಳಿದವರು ಒಬ್ಬರಲ್ಲ, ಇಪ್ಪತ್ತು ಮಂದಿ ಬಂದು ಹೋದವರು, ಒಬ್ಬರಿಗೊಬ್ಬರು ಗುರುತಿಲ್ಲ. ಯಾರೂ ಯಾರಿಗೂ ಹೇಳಿಕೊಟ್ಟಿಲ್ಲ. ಒಂದು ಹನಿ ಸುಣ್ಣವೂ ರೊಟ್ಟಿಯ ಮೇಲೆ ಸಿಡಿದಿಲ್ಲ, ತಮ್ಮಾ. ನಾನು ಬಹಳ ಹೊತ್ತು ಅದರ ಮುಂದೆ ನಿಂತಿದ್ದೆ. ಮಸೀದಿಯಲ್ಲಿ ನಿಂತ ಹಾಗಾಯಿತು.

ಇಪ್ಪತ್ತಾರು ಬಾಗಿಲಾಗಿದೆ.

ಇನೋಬತ್


ಓರೆನ್‌ಬರ್ಗ್, ಮಾರ್ಚ್ 7, 2018

ಇನೋಬತ್ ಅಕ್ಕಾ,

ಜನವರಿಯಲ್ಲಿ ನನ್ನ ಕಾಗದ ಬರಲಿಲ್ಲ, ಆದರೆ ಅದರೊಳಗಿದ್ದ ಬೀಗದ ಕೈ ಮಾತ್ರ ನಡೆದುಕೊಂಡು ಬಂತೇ? ಹಿಮದಲ್ಲಿ ಪಾಪ ಎಷ್ಟು ಕಷ್ಟಪಟ್ಟಿತೋ. ನಿಮ್ಮ ಲೆಕ್ಕ ತಪ್ಪಿದ್ದು ಹಶಾರ್ ದಿನ ಮಾತ್ರವಲ್ಲ.

ಬೈಯಲೆಂದು ಬರೆಯಲು ಕೂತೆ. ಬೈಗುಳ ಬರುತ್ತಿಲ್ಲ. ಆ ಚೌಕದ ವಿಷಯವನ್ನು ಮೂರು ಸಲ ಓದಿದೆ. ನಾಲ್ಕನೆಯ ಸಲ ನನ್ನ ಕೋಣೆಯ ಜೊತೆಗಾರನಿಗೆ ಓದಿ ಹೇಳಿದೆ. ಅವನು ಅಂದಿಜಾನ್ ಕಡೆಯವನು. “ಆಮೇಲೆ?” ಅಂದ. ಆಮೇಲೆ ಏನು ಹೇಳಲಿ?

ನಿಮಗೆ ನಾನೂ ಸುಳ್ಳು ಹೇಳಿದ್ದೇನೆ. ದೊಡ್ಡ ಮೇಸ್ತ್ರಿ ಅಲ್ಲ. ಕಳೆದ ಶರತ್ಕಾಲದಲ್ಲಿ ಹಿಟ್ಟಿನ ಮೂಟೆ ಹೊರುವಾಗ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದೆ. ಬಲಭುಜ ಸರಿಹೋಗಲಿಲ್ಲ. ಕೈ ಎದೆಯ ಮಟ್ಟದಿಂದ ಮೇಲೇಳುವುದಿಲ್ಲ. ಈಗ ಗೇಟಿನಲ್ಲಿ ಕೂತು ಲಾರಿಗಳ ನಂಬರು ಬರೆದುಕೊಳ್ಳುತ್ತೇನೆ, ಎಡಗೈಯಲ್ಲಿ. ಕೋಳಿ ಓಡಾಡಿದ್ದಲ್ಲ ಅಕ್ಕಾ, ನಾನೇ.

ಎದೆಯವರೆಗೆ ತಂದೂರಿನೊಳಗೆ ಬಗ್ಗಿ, ಬೆಂಕಿಯ ಗೋಡೆಗೆ ರೊಟ್ಟಿ ಬಡಿಯಲಾರದವನು ಆ ಅಂಗಡಿಯಲ್ಲಿ ಯಾರು? ಗಿರಾಕಿಗಳ ಎದುರು ಏನೆಂದು ನಿಲ್ಲಲಿ? ಅದಕ್ಕೇ ಇಳಿಸಿ ಎಂದೆ. ಈಗಲೂ ಅದನ್ನೇ ಹೇಳುತ್ತೇನೆ. ಅಷ್ಟು ಜನ ಉಳಿಸಿದ ಚೌಕದ ಮುಂದೆ ಬಂದು ನಿಲ್ಲುವ ಯೋಗ್ಯತೆ ನನಗಿಲ್ಲ. ಇಳಿಸಿಬಿಡಿ.

ತೋಖ್ತಸಿನ್


ಕೋಕಂದ್, ಮಾರ್ಚ್ 20, 2018, ನವರೂಜ್‌ನ ಹಿಂದಿನ ದಿನ

ತಮ್ಮಾ,

ಕಾಳು ಎಣಿಸುವವಳು ನಾನು. ನಿನ್ನ ಅಕ್ಷರ ಸೊಟ್ಟಗಾದದ್ದನ್ನು ನೋಡಿ ಕುಡುಕ ಎಂದೆ. ಅದನ್ನು ಕ್ಷಮಿಸೆಂದು ಕೇಳುವುದಿಲ್ಲ. ಬಂದಾಗ ಬೈದುಬಿಡು, ಮುಯ್ಯಿಗೆ ಮುಯ್ಯಿ.

ಇವತ್ತು ಬಾಗಿಲು ಎಣಿಸಿದರು. ಯಜಮಾನರು, ಬಿಲ್ಡರ್ ಕಡೆಯ ಮನುಷ್ಯ, ಬೀದಿ ತುಂಬ ಜನ. ಅಬ್ದುಗಫೂರ್ ಅಜ್ಜ ಕೋಲಿನಿಂದ ಒಂದೊಂದೇ ಬಾಗಿಲು ಮುಟ್ಟುತ್ತ ಬಂದರು. ಇಪ್ಪತ್ತೊಂಬತ್ತು. ಬೀಗ ತೆಗೆದವುಗಳಲ್ಲಿ ಎಣಿಸಲು ಉಳಿದದ್ದು ನಿನ್ನದೊಂದೇ. ಬಿಲ್ಡರ್‌ನ ಮನುಷ್ಯ, “ಇದರಲ್ಲಿ ಒಲೇನೇ ಉರೀತಿಲ್ಲ, ಯಜಮಾನನೇ ಇಲ್ಲ, ಇದ್ಯಾವ ತೆರೆದ ಬಾಗ್ಲು?” ಎಂದ. ಅಜ್ಜ ಗೋಡೆ ನೋಡಿದರು. “ಯಜಮಾನ ದಾರೀಲಿದ್ದಾನೆ ಕಣಪ್ಪ. ರೊಟ್ಟಿ ಕಾಣ್ತಿಲ್ವಾ? ಮೂವತ್ತು,” ಎಂದರು. ಕಹಳೆಯವರು ಕಹಳೆ ತುಟಿಗೆ ಇಟ್ಟರು.

ಅಷ್ಟಕ್ಕೆ ಸುಮ್ಮನಿದ್ದರೆ ಗೆದ್ದಿದ್ದೆ. ನಿನ್ನ ಎರಡು ಕಾಗದ ನನ್ನ ಜೇಬಿನಲ್ಲಿದ್ದವು, ಕಾಳುಗಳ ಜೊತೆ. ಹೊಲಿದ ದಾರ ಲೆಕ್ಕ ಮಾಡಿ ಟೋಪಿ ಮಾರುವವಳು ನಾನು. ಬೆಲೆ ಏರಿಸಿದ್ದೇನೆ, ಆದರೆ ಹರಿದ ಟೋಪಿಯನ್ನು ಹೊಸದೆಂದು ಯಾರ ತಲೆಗೂ ಇಟ್ಟಿಲ್ಲ. ಕೈ ಎತ್ತಿದೆ. “ಅಜ್ಜಾ, ಅವನು ದಾರೀಲಿಲ್ಲ. ರೊಟ್ಟಿ ಇಳಿಸಿ ಹಕ್ಕಿಗೆ ಹಾಕಿ ಅಂತ ಬರೆದಿದಾನೆ, ಎರಡು ಸಲ. ನಾನೇ ಮುಚ್ಚಿಟ್ಟಿದ್ದೆ.” ಓದಿಯೂ ಹೇಳಿದೆ. ನಿನ್ನ ಭುಜದ ವಿಷಯವನ್ನೂ. ಬೈಯುವ ಪಟ್ಟಿಗೆ ಅದನ್ನೂ ಸೇರಿಸಿಕೋ.

ಕಹಳೆಯವರು ತುಟಿಗಿಟ್ಟ ಕಹಳೆಯನ್ನು ಇಳಿಸಿದರು.

ಅಜ್ಜ ಬಿಲ್ಡರ್‌ನ ಮನುಷ್ಯನ ಕಡೆ ತಿರುಗಿದರು. “ಸರಿ ಹಂಗಾದ್ರೆ. ಯಜಮಾನನೇ ಹೇಳಿದಾನಲ್ಲ, ಇಳಿಸು. ಹೋಗು ಮಗಾ, ನೀನೇ ಇಳಿಸು. ಇಳಿಸಿದ್ರೆ ಇಪ್ಪತ್ತೊಂಬತ್ತು, ಬೀದಿ ನಿಂದು.”

ಅವನು ಒಳಗೆ ಹೋದ. ಗಾಜಿನಿಂದ ನಾವೆಲ್ಲ ನೋಡುತ್ತಿದ್ದೆವು. ಒಳ್ಳೆಯ ಕೋಟು, ಹೊಳೆಯುವ ಬೂಟು. ಚೌಕದ ಮುಂದೆ ನಿಂತ. ಕೈ ಎತ್ತಿದ. ಕೈ ಅಲ್ಲೇ ನಿಂತಿತು, ತಮ್ಮಾ, ನಿನ್ನ ಭುಜ ಅವನಿಗೆ ಬಂದ ಹಾಗೆ. ಎಷ್ಟು ಹೊತ್ತೋ. ಆಮೇಲೆ ಕೈ ಇಳಿಸಿ, ಕೋಟಿಗೆ ಒರೆಸಿಕೊಂಡು ಹೊರಗೆ ಬಂದ.

“ನನ್ ಕೈಲಿ ಆಗಲ್ಲ ಅಜ್ಜಾ. ನಮ್ಮಣ್ಣನ ರೊಟ್ಟೀನೂ ಮನೇಲಿ ತೂಗ್ತಾ ಇದೆ. ಏಳು ವರ್ಷ ಆಯ್ತು.”

ಯಜಮಾನರನ್ನು ಒಬ್ಬೊಬ್ಬರಾಗಿ ಅಜ್ಜ ಕರೆದರು: ನೀನು ಇಳಿಸ್ತೀಯಾ, ನೀನು? ನವೆಂಬರಿನಲ್ಲಿ ಮಾರಲು ಕೈಯೆತ್ತಿದ ಅದೇ ಗಂಡಸರು ಬೂಟಿನ ತುದಿ ನೋಡುತ್ತ ನಿಂತರು. ಮುನ್ನೂರು ನಾನೂರು ಜನರಲ್ಲಿ, ಒಣಗಿ ಕಲ್ಲಾದ ಒಂದು ರೊಟ್ಟಿಯನ್ನು ಮೊಳೆಯಿಂದ ಎತ್ತುವ ಒಂದು ಕೈ ಇರಲಿಲ್ಲ. ನನ್ನದೂ ಅಲ್ಲ. ನಾನು ಇಷ್ಟು ವರ್ಷ ಎಣಿಸಿದ್ದೆಲ್ಲ ಏನು ಮಹಾ ಅನ್ನಿಸಿತು.

ಅಜ್ಜ ತೀರ್ಮಾನ ಹೇಳಿದರು: “ಕಚ್ಚಿದವನೇ ಇಳಿಸಬೇಕು. ಬೇರೆಯವರ ಕೈಲಿ ಆಗೋ ಕೆಲಸ ಅಲ್ಲ ಇದು. ಈ ತಿಂಗಳ ಕಡೇ ತನಕ ಕಾಯೋಣ. ಬಂದ್ರೆ ಮೂವತ್ತು. ಬರದೇ ಇದ್ರೆ ಮಾರಿಕೊಳ್ಳಿ, ಗೋಡೆ ಸಮೇತ.”

ಸಾನೋಬರ್ ನನ್ನ ಪಕ್ಕದಲ್ಲೇ ಇದ್ದಳು. ನಿನ್ನ ಕಾಗದ ಓದುವಾಗ ಅತ್ತಳು, ಆಮೇಲೆ ರೇಗಿದಳು. “ಭುಜ ಇಲ್ವಂತೆ! ಭುಜ ನನ್ನ ಹತ್ರ ಎರಡಿದೆ. ಅವರ ಥರದ್ದು ಸುಡೋಕೆ ಹೋದ್ರೆ ಆ ಹುಳಿಹಿಟ್ಟಿನ ಹದ ಬರದೆ ನನ್ನ ರೊಟ್ಟಿ ಬೆಂಕಿಗೆ ಬೀಳ್ತವೆ, ಅದನ್ನ ಯಾರು ಹೇಳಿಕೊಡ್ತಾರೆ? ಹದ ನೋಡೋಕೆ ಎಡಗೈ ಸಾಕಲ್ವಾ?” ಅವಳ ಮಾತನ್ನು ಅವಳ ಬಾಯಲ್ಲೇ ಬರೆದಿದ್ದೇನೆ.

ಈ ಕಾಗದವನ್ನು ಬಸ್ಸಿಗೆ ಕೊಟ್ಟರೆ ತಡವಾಗುತ್ತದೆಂದು ದಾದಾಜಾನ್ ತಾನೇ ತಾಷ್ಕೆಂಟಿನ ರೈಲಿಗೆ ಮುಟ್ಟಿಸುತ್ತಾನಂತೆ. ಬಾಡಿಗೆ ಬೇಡವಂತೆ. ದಾದಾಜಾನ್, ತಮ್ಮಾ! ಬಾಡಿಗೆ ಬೇಡವಂತೆ!

ಇನ್ನು ನನ್ನ ಕೈಯಲ್ಲಿ ಏನೂ ಇಲ್ಲ. ಮಾತೂ ಮುಗಿದಿದೆ. ಅದು ಮುಗಿದದ್ದನ್ನು ನೀನು ಯಾವಾಗಾದರೂ ಕಂಡಿದ್ದೆಯಾ?

ಇನೋಬತ್


ತಾಷ್ಕೆಂಟ್, ಟ್ಯಾಕ್ಸಿ ನಿಲ್ದಾಣ, ಮಾರ್ಚ್ 30, 2018

ಅಕ್ಕಾ,

ಎರಡು ದಿನ ರೈಲಿನಲ್ಲಿ ಕೂತು ಬಂದೆ. ಪ್ರತಿ ನಿಲ್ದಾಣದಲ್ಲೂ ಇಳಿದು ತಿರುಗಿ ಹೋಗಿಬಿಡೋಣ ಅನ್ನಿಸುತ್ತಿತ್ತು. ಮುಂದಿನ ಗಾಡಿ ತುಂಬಿದೆ, ಅದರ ಡ್ರೈವರ್ ಕೈಗೆ ಇದನ್ನು ಕೊಡುತ್ತಿದ್ದೇನೆ. ನನ್ನ ಗಾಡಿಗೆ ಇನ್ನೂ ಇಬ್ಬರು ಬೇಕು.

ನಮ್ಮ ಡ್ರೈವರ್ ಎಳೆಯ ವಯಸ್ಸಿನವನು, ನನ್ನ ಗುರುತಿಲ್ಲ. “ಕೋಕಂದಲ್ಲಿ ಎಲ್ಲಿ ಇಳೀತೀರಾ ಅಣ್ಣಾ?” ಎಂದ. ಟೋಪಿಗಾರರ ಬೀದಿ ಅಂದೆ. ಕಣ್ಣರಳಿಸಿದ.

“ಹಂಗಾದ್ರೆ ಆ ರೊಟ್ಟೀನ ನೋಡ್ಕೊಂಡು ಹೋಗಿ. ಸುತ್ತ ಬೆಳ್ಳಗೆ, ನಡುವೆ ಒಂದು ಕರೀ ಚೌಕ, ಅದರಲ್ಲಿ ಕಚ್ಚಿದ ರೊಟ್ಟಿ. ಯಾರ ಕೈಲೂ ಇಳಿಸೋಕೆ ಆಗ್ಲಿಲ್ಲವಂತೆ.”

“ಯಾರದಪ್ಪಾ ಅದು?” ಎಂದು ಕೇಳಿದೆ.

“ಯಾರೋ ರೊಟ್ಟಿ ಸುಡೋರದು. ಬರ್ತಿದಾರಂತೆ. ದಾರೀಲಿದಾರಂತೆ.”

ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಿದ್ದೇನೆ.

ಸಾನೋಬರ್‌ಗೆ ಹಿಟ್ಟು ನೆನೆಸಲು ಹೇಳಿ. ನೀರು ಬೆರಳು ಸುಡಬಾರದು, ತಣ್ಣಗೂ ಇರಬಾರದು. ಉಳಿದದ್ದು ಬಂದು ಹೇಳುತ್ತೇನೆ. ಒಂದು ದೊಡ್ಡ ಬಟ್ಟಲು ಚಹಾ ಇಟ್ಟಿರಿ, ಎರಡು ವರ್ಷದ ರೊಟ್ಟಿ ಅದ್ದದೆ ನನ್ನ ಹಲ್ಲಿಗೆ ಬಗ್ಗುವುದಿಲ್ಲ.

ಇದರೊಳಗೆ ಒಂದು ಅಲಸಂದೆ ಕಾಳು ಇದೆ, ನಿಲ್ದಾಣದ ಅಂಗಡಿಯಲ್ಲಿ ಕೇಳಿ ತೆಗೆದುಕೊಂಡದ್ದು. ಬಲಜೇಬಿನಲ್ಲಿ ಇಟ್ಟುಕೊಂಡಿರಿ. ಮಧ್ಯಾಹ್ನ ಮರದ ಕಡೆ ನೋಡುತ್ತಿರಿ.

ತೋಖ್ತಸಿನ್